ನಂಬಿಕೊಂಡು

ಮಳೆ ನಂಬಿಕೊಂಡು ಬಿತ್ತಿದವರು, ಮಗನನ್ನು ನಂಬಿಕೊಂಡು ಸಾಲ ಮಾಡಿದವರು, ಒಂದೇ ಎಮ್ಮೆಯನ್ನು ನಂಬಿಕೊಂಡು ಸಂಸಾರ ಸಾಗಿಸುವವರು ನಮ್ಮ ಊರುಗಳಲ್ಲಿ ಎಲ್ಲೆಲ್ಲೂ ಇದ್ದಾರೆ. ‘ನಂಬು’ ಒಂಟಿಯಾಗಿ ಬಂದಾಗ ಅದರ ತೂಕ ಒಂದು, ‘ಕೊಂಡು’ ಜೊತೆಗೂಡಿದಾಗ ಇನ್ನೊಂದು. ಪೇಪರಿನಲ್ಲಿ ಓದಿದ ಸುದ್ದಿಯನ್ನು ನಂಬುತ್ತೇವೆ, ಅದನ್ನು ನಂಬಿಕೊಂಡು ಯಾರೂ ಬದುಕುವುದಿಲ್ಲ. ನಂಬಿಕೊಂಡವನು ಕೈಯಲ್ಲಿದ್ದದ್ದನ್ನು ಪಣಕ್ಕಿಟ್ಟಿರುತ್ತಾನೆ. ಮಳೆ ಕೈಕೊಟ್ಟರೆ ಅವನ ಬೀಜವೂ ಹೋಯಿತು, ಆ ವರ್ಷವೂ ಹೋಯಿತು.

ಕ್ರೈಸ್ತ ಜೀವಿತದ ಬಗ್ಗೆ ಮಾತು ಬಂದಾಗಲೆಲ್ಲ ನನ್ನ ಮನಸ್ಸು ಈ ‘ಕೊಂಡು’ವಿನ ಮೇಲೇ ನಿಲ್ಲುತ್ತದೆ.

ಹೀಗೆ ನಂಬುವುದಕ್ಕೆ ಕನ್ನಡ ಚರ್ಚುಗಳಲ್ಲಿ ಎರಡು ಪದಗಳಿವೆ. ಪ್ರಾಟೆಸ್ಟಂಟರಲ್ಲಿ ‘ನಂಬಿಕೆ’ ಹೆಚ್ಚು, ಕ್ಯಾಥೊಲಿಕರಲ್ಲಿ ‘ವಿಶ್ವಾಸ’. ಎರಡೂ ಮಿಷನರಿಗಳು ಹುಟ್ಟಿಸಿದ ಪದಗಳಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಬೈಬಲನ್ನು ಕನ್ನಡಕ್ಕೆ ತರಲು ಕೂತಾಗ, ಶರಣರೂ ದಾಸರೂ ಬಳಸಿ ಬಳಸಿ ನುಣುಪಾಗಿಸಿದ ‘ನಂಬು’ ಅವರಿಗೆ ಸಿದ್ಧವಾಗಿ ಸಿಕ್ಕಿತು. ಸಂಸ್ಕೃತದಿಂದ ಬಂದ ‘ವಿಶ್ವಾಸ’ ಕನ್ನಡದ ನೀರು ಕುಡಿದು ಬೇರೆಯೇ ಮೃದುತನ ಪಡೆದಿದೆ. ಹೊರಟವರಿಗೆ ಬಾಗಿಲ ತನಕ ಬಂದು ‘ವಿಶ್ವಾಸ ಇರಲಿ’ ಅನ್ನುತ್ತೇವೆ. ಕಾಗದದ ಕೊನೆಗೆ ‘ನಿಮ್ಮ ವಿಶ್ವಾಸಿ’ ಎಂದು ಬರೆದು ಸಹಿ ಹಾಕುತ್ತಿದ್ದೆವು. ಅದೇ ‘ವಿಶ್ವಾಸಿ’ ಚರ್ಚಿನೊಳಗೆ ಬಂದರೆ ಯೇಸುವನ್ನು ನಂಬಿದವನು ಎಂದಾಗುತ್ತದೆ. ಸ್ನೇಹ ಮತ್ತು ನಂಬಿಕೆ ಒಂದೇ ಮಾತಿನಲ್ಲಿ ಇರುವುದು ದೊಡ್ಡ ಭಾಗ್ಯ.

ಬೈಬಲಿನಲ್ಲಿ ಈ ಎರಡು ಪದಗಳ ಹಿಂದಿರುವ ಹೀಬ್ರೂ ಪದ ‘ಎಮೂನಾ’. ಪ್ರತಿ ಪ್ರಾರ್ಥನೆಯ ಕೊನೆಗೆ ನಾವು ಹೇಳುವ ‘ಆಮೆನ್’ ಅದೇ ಧಾತುವಿನದು. ಅಲುಗದೆ ನಿಲ್ಲುವುದು ಅದರ ಮೂಲಾರ್ಥ. ವಿಮೋಚನಕಾಂಡದಲ್ಲಿ ಅಮಾಲೇಕ್ಯರ ಜೊತೆ ಯುದ್ಧವಾಗುವಾಗ ಮೋಶೆ ಗುಡ್ಡದ ಮೇಲೆ ಕೈಯೆತ್ತಿ ನಿಂತಿದ್ದಾನೆ. ಕೈ ಮೇಲಿದ್ದಷ್ಟು ಹೊತ್ತು ಇಸ್ರಾಯೇಲ್ಯರಿಗೆ ಜಯ, ಇಳಿದರೆ ಶತ್ರುಗಳಿಗೆ. ಮುದುಕನ ತೋಳು ಸೋಲುತ್ತದೆ. ಆರೋನ, ಹೂರ ಒಂದು ಕಲ್ಲು ತಂದು ಅವನನ್ನು ಕೂರಿಸಿ, ಆ ಕಡೆ ಒಬ್ಬ ಈ ಕಡೆ ಒಬ್ಬ ನಿಂತು ಕೈಗಳನ್ನು ಎತ್ತಿ ಹಿಡಿಯುತ್ತಾರೆ. ಸೂರ್ಯ ಮುಳುಗುವ ತನಕ ಆ ಕೈಗಳು ‘ಎಮೂನಾ’ ಆಗಿದ್ದವು ಎನ್ನುತ್ತದೆ ಮೂಲ. ಮುಂದೆ ನಂಬಿಕೆ, ನಂಬಿಗಸ್ತಿಕೆ ಎಂದೆಲ್ಲ ಅನುವಾದವಾದ ಪದ ಇಲ್ಲಿ ನೋಯುವ ತೋಳುಗಳ ಸ್ಥಿತಿಯನ್ನು ಹೇಳುತ್ತಿದೆ. ಆ ತೋಳುಗಳು ನಿಂತದ್ದೂ ಇನ್ನಿಬ್ಬರ ಹೆಗಲಿನಿಂದ. ನಂಬಿಕೆ ನನ್ನ ಮತ್ತು ದೇವರ ನಡುವಿನ ಖಾಸಗಿ ವ್ಯವಹಾರ ಎಂದು ಹೇಳುವವರು ಈ ಗುಡ್ಡವನ್ನೊಮ್ಮೆ ಹತ್ತಿ ನೋಡಬೇಕು.

ನೀತಿವಂತ ಈ ‘ಎಮೂನಾ’ದಿಂದಲೇ ಬದುಕುತ್ತಾನೆ ಎಂದವನು ಪ್ರವಾದಿ ಹಬಕ್ಕೂಕ. ಪೌಲ ಆ ಮಾತನ್ನು ರೋಮಾಪುರದವರಿಗೂ ಗಲಾತ್ಯದವರಿಗೂ ಬರೆದ ಪತ್ರಗಳಲ್ಲಿ ಎತ್ತಿಕೊಂಡ. ಮುಂದೆ ಮತಸುಧಾರಕ ಲೂಥರನಿಗೆ ಬಾಗಿಲು ತೆರೆದದ್ದೂ ಅದೇ ಮಾತು. ಆದರೆ ಹಬಕ್ಕೂಕ ಅದನ್ನು ಕೇಳಿಸಿಕೊಂಡದ್ದು ಬಾಬಿಲೋನಿನ ಸೈನ್ಯ ಮೇಲೇರಿ ಬರುವಾಗ, ದೇವರೊಡನೆ ಜಗಳಕ್ಕೆ ನಿಂತಿದ್ದಾಗ. ಅಂಜೂರ ಹೂಬಿಡದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ತಾನು ದೇವರಲ್ಲಿ ಸಂತೋಷಪಡುತ್ತೇನೆ ಎಂಬಲ್ಲಿಗೆ ಆ ಪುಟ್ಟ ಪುಸ್ತಕ ಮುಟ್ಟುತ್ತದೆ. ಅವನ ದೂರಿಗೆ ಪೂರ್ತಿ ಸಮಾಧಾನ ಸಿಕ್ಕಿತೆಂದು ನನಗನ್ನಿಸುವುದಿಲ್ಲ. ಆದರೂ ಅವನು ಬಿಟ್ಟು ಹೋಗಲಿಲ್ಲ.

ದೇವರಿದ್ದಾನೆಂದು ನಂಬುವುದು ಬೇರೆ, ದೇವರನ್ನು ನಂಬುವುದು ಬೇರೆ. ಮೊದಲನೆಯದನ್ನು ದೆವ್ವಗಳೂ ಮಾಡುತ್ತವೆ, ಮಾಡಿ ನಡುಗುತ್ತವೆ ಎಂದು ಯಾಕೋಬ ತನ್ನ ಪತ್ರದಲ್ಲಿ ನೇರವಾಗಿಯೇ ಬರೆದಿದ್ದಾನೆ. ‘ನಂಬಿಕೊಂಡು ಬದುಕುವುದು’ ಈ ಎರಡಕ್ಕೂ ಮುಂದಿನ ಹೆಜ್ಜೆ. ಆಧ್ಯಾತ್ಮಿಕ ಬೆಳವಣಿಗೆ ಎಂದು ನಾವು ಕರೆಯುವುದು ಬಹುಪಾಲು ಈ ದೂರವನ್ನು ನಡೆದು ಮುಗಿಸುವುದೇ.

ಅದಕ್ಕೆ ಎಷ್ಟು ಕಾಲ ಬೇಕಾಗುತ್ತದೆ ಎಂಬುದನ್ನು ಪಂಡಿತಾ ರಮಾಬಾಯಿ ಮುಚ್ಚುಮರೆಯಿಲ್ಲದೆ ಬರೆದಿಟ್ಟರು. ಹುಟ್ಟಿದ್ದು 1858ರಲ್ಲಿ, ನಮ್ಮದೇ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದ ವಿದ್ವಾಂಸರು. 1870ರ ದಶಕದ ಬರದಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ರಮಾಬಾಯಿ ದೀಕ್ಷಾಸ್ನಾನ ಪಡೆದರು. ಇಷ್ಟೊಂದು ಓದಿದವರು, ವಾದ ಮಾಡಬಲ್ಲವರು, ಕ್ರೈಸ್ತ ಧರ್ಮವನ್ನು ಒಪ್ಪಿ ಬಂದವರು. ಹಾಗಿದ್ದೂ ತಮ್ಮ ಸಾಕ್ಷಿಯ ಪುಸ್ತಕದಲ್ಲಿ ಅವರು ಹೇಳಿಕೊಳ್ಳುವುದು, ಆಗ ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಎಂದು. ದೀಕ್ಷಾಸ್ನಾನವಾಗಿ ವರ್ಷಗಳು ಕಳೆದ ಮೇಲೆ ಅರಿವಾದ ವಿಷಯ ಅದು.

ಆಮೇಲಿನ ಅವರ ಬದುಕಿಗೆ ‘ನಂಬಿಕೊಂಡು’ ಎಂಬ ಪದ ಪೂರ್ತಿ ಹೊಂದುತ್ತದೆ. 1889ರಲ್ಲಿ ಮುಂಬಯಿಯಲ್ಲಿ ತೆರೆದ ಹೆಣ್ಣುಮಕ್ಕಳ ಶಾಲೆ ಶಾರದಾ ಸದನಕ್ಕೆ ಅಮೆರಿಕದ ಹಿತೈಷಿಗಳು ಹತ್ತು ವರ್ಷ ಹಣ ಕೊಡುವ ಮಾತಾಗಿತ್ತು. ಆ ಅವಧಿ ಮುಗಿಯುತ್ತ ಬಂದ ಹೊತ್ತಿಗೇ 1896-97ರ ಕ್ಷಾಮ ಬಂತು. ಬರದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡವರು ಸುಮ್ಮನಿರಲಾರದೆ ಮಧ್ಯ ಪ್ರಾಂತ್ಯಗಳಿಗೆ ಹೋಗಿ ನೂರಾರು ಹುಡುಗಿಯರನ್ನು ಪುಣೆಯ ಬಳಿಯ ಕೇಡಗಾಂವಿಗೆ ಕರೆತಂದರು. 1900ರ ಬರ ಕಳೆಯುವಷ್ಟರಲ್ಲಿ ಅಲ್ಲಿ ಅವರು ಕಟ್ಟಿದ ಮುಕ್ತಿ ಮಿಷನ್ನಿನಲ್ಲಿ ಊಟಕ್ಕೆ ಕೂರುವವರ ಸಂಖ್ಯೆ ಸಾವಿರ ದಾಟಿತ್ತು. ಖಾತ್ರಿಯಾದ ವರಮಾನ ಇರಲಿಲ್ಲ, ಪ್ರಾರ್ಥನೆ ಇತ್ತು. ಜೊತೆಗೆ ಹೊಲ ಇತ್ತು, ಬಾವಿ ತೋಡುವ ಕೆಲಸ ಇತ್ತು, ಮಗ್ಗ ಇತ್ತು, ಅಚ್ಚುಕೂಟ ಇತ್ತು. ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತರುವ ಕೆಲಸ 1922ರಲ್ಲಿ ತೀರಿಕೊಳ್ಳುವ ತನಕ ನಡೆಯಿತು. ಮಗಳು ಮನೋರಮಾ ಅವರಿಗಿಂತ ಒಂದು ವರ್ಷ ಮೊದಲೇ ಹೋದಳು. ಕಲಬುರಗಿಯಲ್ಲಿ 1912ರಲ್ಲಿ ತೆರೆದ ಶಾಲೆಯನ್ನು ನಡೆಸಿದವಳು ಅವಳು.

ರಮಾಬಾಯಿಯವರಿಗೆ ಈ ದಾರಿಯಲ್ಲಿ ಧೈರ್ಯ ಕೊಟ್ಟವರಲ್ಲಿ ಬ್ರಿಸ್ಟಲ್ಲಿನ ಜಾರ್ಜ್ ಮ್ಯೂಲರ್ ಒಬ್ಬರು. ಯಾರ ಮುಂದೆಯೂ ಕೈಚಾಚದೆ, ಸಾಲ ಮಾಡದೆ ಅನಾಥಾಲಯಗಳನ್ನು ನಡೆಸಿದವರು. ‘ವಿಶ್ವಾಸದಿಂದ ಸೇವೆ ಮಾಡುತ್ತಿದ್ದಾರೆ’ ಎಂದರೆ ಸಂಬಳವಿಲ್ಲದೆ ದುಡಿಯುತ್ತಿದ್ದಾರೆ ಎಂದು ನಮ್ಮ ಪೆಂತೆಕೊಸ್ತ ಸಭೆಗಳಲ್ಲೂ ಬ್ರದರನ್ ಸಭೆಗಳಲ್ಲೂ ಅರ್ಥ. ಆ ಮಾತಿನ ವಂಶಾವಳಿ ಮ್ಯೂಲರರಂಥವರ ತನಕ ಹೋಗುತ್ತದೆ. ಮ್ಯೂಲರ್ ಬಂದ ಪ್ರತಿ ಕಾಸನ್ನೂ ಬರೆದಿಟ್ಟು ವರ್ಷವರ್ಷವೂ ವರದಿ ಅಚ್ಚು ಹಾಕಿಸುತ್ತಿದ್ದರು ಎಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ದೇವರನ್ನು ನಂಬಿಕೊಂಡವನ ಲೆಕ್ಕದ ಪುಸ್ತಕ ಬೇರೆಯವರದಕ್ಕಿಂತ ಚೊಕ್ಕಟವಾಗಿರಬೇಕು.

ಇನ್ನು ಈ ಪದದ ಒಂದು ಬಳಕೆ ನನಗೆ ಸಂಕಟ ತರುತ್ತದೆ. ಮಗು ಗುಣವಾಗಲಿಲ್ಲ, ಕೆಲಸ ಸಿಗಲಿಲ್ಲ, ಕ್ಯಾನ್ಸರ್ ಮತ್ತೆ ಕಾಣಿಸಿಕೊಂಡಿತು. ಆಗ ಯಾರೋ ಬಂದು ಮೆಲ್ಲಗೆ ಹೇಳುತ್ತಾರೆ, ‘ನಿಮಗೆ ನಂಬಿಕೆ ಸಾಲದು’ ಎಂದು. ನಂಬಿಕೆಯನ್ನು ಸೇರು ಪಾವಿನಲ್ಲಿ ಅಳೆಯುವ ಈ ಮಾತಿಗೆ ಸುವಾರ್ತೆಯಲ್ಲಿ ಆಧಾರ ಸಿಗುವುದು ಕಷ್ಟ. ನಮ್ಮ ನಂಬಿಕೆಯನ್ನು ಹೆಚ್ಚಿಸು ಎಂದು ಶಿಷ್ಯರು ಕೇಳಿದಾಗ ಯೇಸು ಸಾಸಿವೆ ಕಾಳನ್ನು ತೋರಿಸಿದ. ಬೆಳವಣಿಗೆಯ ಬಗ್ಗೆ ಹೇಳುವಾಗಲೂ ಅವನು ಅವಸರ ಮಾಡಲಿಲ್ಲ. ಮಾರ್ಕನ ನಾಲ್ಕನೆಯ ಅಧ್ಯಾಯದ ರೈತ ಬಿತ್ತುತ್ತಾನೆ, ಮಲಗುತ್ತಾನೆ, ಏಳುತ್ತಾನೆ. ಮೊದಲು ಗರಿ, ಆಮೇಲೆ ತೆನೆ, ಆಮೇಲೆ ಕಾಳು. ಹೇಗೆ ಬೆಳೆಯಿತೆಂದು ಅವನಿಗೇ ಗೊತ್ತಿಲ್ಲ. ತನ್ನ ನಂಬಿಕೆ ಎಷ್ಟುದ್ದ ಬೆಳೆದಿದೆ ಎಂದು ಬೆಳಿಗ್ಗೆ ಸಂಜೆ ಕಿತ್ತು ನೋಡುವ ಕೆಲಸ ಅವನದಲ್ಲ.

ಅದೇ ಮಾರ್ಕನ ಒಂಬತ್ತನೆಯ ಅಧ್ಯಾಯದಲ್ಲಿ ಒಬ್ಬ ತಂದೆ ಇದ್ದಾನೆ. ಅವನ ಮಗ ಚಿಕ್ಕಂದಿನಿಂದ ಬೆಂಕಿಗೂ ನೀರಿಗೂ ಬೀಳುತ್ತಿದ್ದಾನೆ. ಶಿಷ್ಯರ ಕೈಯಲ್ಲಿ ಆಗಲಿಲ್ಲ. ನಂಬುವವನಿಗೆ ಎಲ್ಲವೂ ಸಾಧ್ಯ ಎಂದು ಯೇಸು ಹೇಳಿದಾಗ ಆತ, ನಂಬುತ್ತೇನೆ, ನನ್ನ ಅಪನಂಬಿಕೆಗೂ ನೀನೇ ಸಹಾಯ ಮಾಡು ಎಂದು ಕೂಗಿಕೊಳ್ಳುತ್ತಾನೆ. ಅರ್ಧ ನಂಬಿಕೆ, ಅರ್ಧ ಅಪನಂಬಿಕೆ, ಎರಡನ್ನೂ ಹೊತ್ತು ಅದೇ ಯೇಸುವಿನ ಹತ್ತಿರ ನಿಂತಿದ್ದಾನೆ. ಇದಕ್ಕಿಂತ ಪ್ರಾಮಾಣಿಕ ಪ್ರಾರ್ಥನೆ ನನಗೆ ಗೊತ್ತಿಲ್ಲ. ಯೇಸು ಅವನಿಗೆ, ಮೊದಲು ಹೋಗಿ ಆ ಅಪನಂಬಿಕೆ ಕಳೆದುಕೊಂಡು ಬಾ ಎನ್ನಲಿಲ್ಲ. ಹುಡುಗನನ್ನು ಕೈಹಿಡಿದು ಎಬ್ಬಿಸಿದ.

ಆಸ್ಪತ್ರೆಯ ವರಾಂಡದಲ್ಲಿ ಮಗುವಿಗಾಗಿ ಕೂತ ತಾಯಿ ಯೇಸುವಿನ ಹೆಸರು ಹೇಳುತ್ತಿದ್ದಾಳೆ ಎಂದರೆ ಆಕೆ ಆತನನ್ನು ನಂಬಿಕೊಂಡೇ ಅಲ್ಲಿ ಕೂತಿದ್ದಾಳೆ. ಆಕೆಯ ಹತ್ತಿರ ಹೋಗುವವರು ಆರೋನನಂತೆ, ಹೂರನಂತೆ ಹೋಗಲಿ. ‘ನಂಬಿಕೆ ಸಾಲದು’ ಎಂಬ ಮಾತನ್ನು ನಮ್ಮ ಸಭೆಗಳು ಇನ್ನಾದರೂ ಬಿಡಲಿ.