ಮುಚ್ಚಳಿಕೆ ಬರೆದುಕೊಟ್ಟವನು

ದೆಹಲಿಯಲ್ಲಿ ಮೂವತ್ತು ವರ್ಷ ಕಳೆದವರಿಗೆ ಕೆಲವು ಜಾಗಗಳ ಹೆಸರು ಬರೀ ಬಸ್ ಸ್ಟಾಪಿನ ಹೆಸರಾಗಿ ಉಳಿಯುವುದಿಲ್ಲ. ಗೋಲ್ ಮಾರ್ಕೆಟ್ ಅಂದರೆ 1995ರ ನೈನಾ ಸಾಹ್ನಿ ಕೊಲೆ, ಆ ತಂದೂರ್ ಪ್ರಕರಣ. ಮೆಹ್ರೋಲಿ ಅಂದರೆ 1999ರ ಜೆಸಿಕಾ ಲಾಲ್. ವಸಂತಕುಂಜ್ ಅಂದರೆ ಪ್ರಿಯದರ್ಶಿನಿ ಮಟ್ಟೂ. ಮೂರರಲ್ಲಿ ನನಗೆ ಹೆಚ್ಚು ಕಾಡುವುದು ಕೊನೆಯದು. ಮೊದಲಿನ ಎರಡು ಒಂದು ರಾತ್ರಿಯ ಸಿಟ್ಟಿನಲ್ಲಿ ನಡೆದವು. ಇದು ಹಾಗಲ್ಲ. ತಿಂಗಳುಗಟ್ಟಲೆ ಎಲ್ಲರ ಕಣ್ಣೆದುರೇ, ಪೊಲೀಸ್ ಠಾಣೆಯ ಕಾಗದಗಳಲ್ಲೇ ದಾಖಲಾಗುತ್ತಾ ನಡೆದು ಬಂತು.

ಪ್ರಿಯದರ್ಶಿನಿ ಕಾಶ್ಮೀರಿ ಪಂಡಿತರ ಮನೆಯ ಹುಡುಗಿ, ವಯಸ್ಸು 25. ದೆಹಲಿ ವಿಶ್ವವಿದ್ಯಾಲಯದ ಕ್ಯಾಂಪಸ್ ಲಾ ಸೆಂಟರಿನಲ್ಲಿ ಎಲ್‌ಎಲ್‌.ಬಿ ಓದುತ್ತಿದ್ದಳು, ವಸಂತಕುಂಜದಲ್ಲಿ ವಾಸ. ಸಂತೋಷ್ ಕುಮಾರ್ ಸಿಂಗ್ ಅದೇ ಕಾಲೇಜಿನಲ್ಲಿ ಅವಳಿಗಿಂತ ಸೀನಿಯರ್. ಅವನ ಅಪ್ಪ ಜೆ.ಪಿ. ಸಿಂಗ್ ಐಪಿಎಸ್ ಅಧಿಕಾರಿ, ಆಗ ಪಾಂಡಿಚೇರಿಯಲ್ಲಿ ಐಜಿ. ಮುಂದೆ ಮೊಕದ್ದಮೆ ನಡೆಯುವಾಗ ದೆಹಲಿಯಲ್ಲೇ ಜಾಯಿಂಟ್ ಕಮಿಷನರ್. ಈ ಒಂದು ಸಂಗತಿ ನೆನಪಿಟ್ಟುಕೊಳ್ಳಿ.

ಇಂಥ ಸುದ್ದಿ ಬಂದಾಗಲೆಲ್ಲ "ಏಕಮುಖ ಪ್ರೇಮ" ಅನ್ನುವ ಮಾತು ಅಂಟಿಕೊಂಡೇ ಬರುತ್ತದೆ. ಇಲ್ಲಿ ಮುರಿದು ಬೀಳಲು ಪ್ರೀತಿಯೇ ಇರಲಿಲ್ಲ. ಅವಳು ಬೇಡ ಅಂದಳು, ಅವನು ಕೇಳಲಿಲ್ಲ, ಅಷ್ಟೇ. ನಮ್ಮ ಕನ್ನಡದಲ್ಲಿ "ಬೆನ್ನು ಬಿದ್ದ" ಅನ್ನುತ್ತೇವೆ. ಕೆಲಸಕ್ಕೂ ಬೆನ್ನು ಬೀಳುತ್ತೇವೆ, ಹುಡುಗಿಗೂ ಬೆನ್ನು ಬೀಳುತ್ತೇವೆ, ಎರಡಕ್ಕೂ ಒಂದೇ ಮಾತು! ಬಿಡದೆ ಬೆನ್ನು ಬಿದ್ದವನು ಕೊನೆಗೆ ಗೆಲ್ಲುತ್ತಾನೆ ಅಂತ ನಮ್ಮ ಸಿನಿಮಾಗಳೂ ಎಷ್ಟು ಸಲ ತೋರಿಸಿಲ್ಲ? ಹಿಂದಿಯಲ್ಲಿ 'ಡರ್' ಬಂದದ್ದು 1993ರಲ್ಲಿ. ಅದರಲ್ಲಿ ಬೆನ್ನು ಬೀಳುವವನೇ ಖಳ, ಆದರೂ ಜನ ಮೆಚ್ಚಿಕೊಂಡದ್ದು ಅವನನ್ನೇ.

ಇರಲಿ. ದೂರುಗಳ ಕಥೆಗೆ ಬರೋಣ.

1995ರ ಫೆಬ್ರವರಿಯಲ್ಲಿ ಅವನು ಕ್ಯಾಂಪಸ್ಸಿನಿಂದಲೇ ಮೋಟಾರ್ ಸೈಕಲ್ಲಿನಲ್ಲಿ ಅವಳ ಕಾರಿನ ಹಿಂದೆ ಬಂದ. ದಾರಿಯುದ್ದಕ್ಕೂ ಕೂಗುತ್ತಾ ಕಾರು ನಿಲ್ಲಿಸಲು ನೋಡಿದ. ಉತ್ತರ ದೆಹಲಿಯಿಂದ ದಕ್ಷಿಣಕ್ಕೆ ಬರುವ ಆ ದಾರಿ ಎಷ್ಟು ಉದ್ದ ಅಂತ ಇಲ್ಲಿದ್ದವರಿಗೆ ಗೊತ್ತು, ಎಷ್ಟು ಸಿಗ್ನಲ್‌ಗಳಲ್ಲಿ ನಿಲ್ಲಬೇಕು ಅನ್ನುವುದೂ ಗೊತ್ತು. ಅವಳು ದೂರು ಕೊಟ್ಟದ್ದು ಆರ್.ಕೆ. ಪುರಂ ಠಾಣೆಯಲ್ಲಿ. ನಾಟಕ, ರಾಜ್ಯೋತ್ಸವ ಅಂತ ನಾವೆಲ್ಲ ಕರ್ನಾಟಕ ಸಂಘಕ್ಕೆ ಹೋಗುವುದೂ ಆರ್.ಕೆ. ಪುರಂಗೇ. ಆ ವರ್ಷವೂ ಹೋಗಿದ್ದೆವು.

ಪೊಲೀಸರು ಅವನನ್ನು ಕರೆಸಿ "ಇನ್ನು ಮುಂದೆ ಹೀಗೆ ಮಾಡುವುದಿಲ್ಲ" ಅಂತ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಆಮೇಲೆ ವಸಂತಕುಂಜ್ ಠಾಣೆಯಲ್ಲಿ ದೂರು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ವಿಶ್ವವಿದ್ಯಾಲಯದ ಪಕ್ಕದ ಮೌರಿಸ್ ನಗರ ಠಾಣೆಯಲ್ಲಿ ದೂರು. ಆಗ ಐಪಿಸಿ 354ರ ಕೆಳಗೆ ಎಫ್‌ಐಆರ್ ಆಯಿತು, ಅವನನ್ನು ಹಿಡಿದರು, ಜಾಮೀನಿನ ಮೇಲೆ ಬಿಟ್ಟರು. ಕಾನೂನಿನ ದೃಷ್ಟಿಯಲ್ಲಿ ಅದು "ಮಾನಭಂಗಕ್ಕೆ ಯತ್ನ", ಆಗ ಹೆಚ್ಚೆಂದರೆ ಎರಡು ವರ್ಷದ ಶಿಕ್ಷೆ. ತಿಂಗಳುಗಟ್ಟಲೆ ಒಬ್ಬಳ ಹಿಂದೆ ಸುತ್ತುವುದಕ್ಕೆ ನಮ್ಮ ದಂಡಸಂಹಿತೆಯಲ್ಲಿ ಹೆಸರೇ ಇರಲಿಲ್ಲ. ಒಂದೊಂದು ಘಟನೆಯನ್ನೂ ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಚಿಲ್ಲರೆ. ಕೂಗಿದ, ಕಾರಿಗೆ ಅಡ್ಡ ಬಂದ, ಮನೆ ಬಾಗಿಲಿಗೆ ಬಂದ. ಸೇರಿಸಿ ನೋಡುವ ಕೆಲಸ ಯಾವ ಠಾಣೆಯದೂ ಆಗಿರಲಿಲ್ಲ.

ಅವಳಿಗೆ ಒಬ್ಬ ಕಾವಲು ಪೇದೆಯನ್ನು ಕೊಟ್ಟಿದ್ದರು, ನಿಜ. ಅಂದರೆ ಅಪಾಯ ಇದೆ ಅಂತ ಪೊಲೀಸರೂ ಒಪ್ಪಿದ್ದರು ತಾನೆ? ಹಾಗಿದ್ದರೂ ಕಾವಲಿನಲ್ಲಿ ಓಡಾಡಬೇಕಾದವಳು ಅವಳು, ಮೋಟಾರ್ ಸೈಕಲ್ ಏರಿ ಆರಾಮಾಗಿ ಓಡಾಡುತ್ತಿದ್ದವನು ಅವನು.

ಇನ್ನೊಂದು ಮಾತನ್ನು ಜನ ಮರೆತಿದ್ದಾರೆ. ಅವನು ವಿಶ್ವವಿದ್ಯಾಲಯಕ್ಕೇ ಅವಳ ಮೇಲೆ ದೂರು ಕೊಟ್ಟ! ಒಂದೇ ಸಮಯದಲ್ಲಿ ಎಂ.ಕಾಂ ಮತ್ತು ಎಲ್‌ಎಲ್‌.ಬಿ ಎರಡನ್ನೂ ಮಾಡುತ್ತಿದ್ದಾಳೆ, ಇದು ನಿಯಮಕ್ಕೆ ವಿರುದ್ಧ ಅಂತ. ಅವಳು ಎಂ.ಕಾಂ ಮುಗಿಸಿದ್ದು 1991ರಲ್ಲೇ. ಆದರೂ ವಿಶ್ವವಿದ್ಯಾಲಯ ಅವಳಿಂದ ವಿವರಣೆ ಕೇಳಿತು, ಫಲಿತಾಂಶ ತಡೆಹಿಡಿಯಿತು. ಅವಳ ದೂರಿಗೆ ಒಂದು ಮುಚ್ಚಳಿಕೆ, ಅವನ ದೂರಿಗೆ ಇಷ್ಟು ಚುರುಕು. ಇದನ್ನು ಓದಿದಾಗಲೆಲ್ಲ ಮೈ ಉರಿಯುತ್ತದೆ.

1996ರ ಜನವರಿ 23. ಆ ಬೆಳಿಗ್ಗೆ ಕಾವಲಿನವನು ಹೊತ್ತಿಗೆ ಬರಲಿಲ್ಲ, ಅವಳು ಅವನಿಲ್ಲದೆ ಹೊರಟಳು. ಆಮೇಲೆ ಅವನು ಕಾಲೇಜಿನಲ್ಲಿ ಸಿಕ್ಕಿದ. ಸಂಜೆ ಐದೂವರೆಗೆ ಮನೆಗೆ ಬಾ ಅಂದಿದ್ದಳು. ಐದಕ್ಕೆ ಸ್ವಲ್ಪ ಮುಂಚೆ ಪಕ್ಕದ ಮನೆಯವರು ಸಂತೋಷ್ ಸಿಂಗನನ್ನು ಬಾಗಿಲಲ್ಲಿ ಕಂಡಿದ್ದರು. ಪೇದೆ ಬಂದು ಗಂಟೆ ಒತ್ತಿದರೆ ಯಾರೂ ಬಾಗಿಲು ತೆಗೆಯಲಿಲ್ಲ. ಹಿಂದಿನಿಂದ ಒಳಗೆ ಹೋಗಿ ನೋಡಿದರೆ ಅವಳು ಮಂಚದ ಕೆಳಗೆ, ಕುತ್ತಿಗೆಗೆ ಹೀಟರಿನ ತಂತಿ. ಮೈಮೇಲೆ 19 ಗಾಯಗಳು. ಅತ್ಯಾಚಾರವೂ ಆಗಿತ್ತು. ಎರಡೇ ದಿನದಲ್ಲಿ ತನಿಖೆ ಸಿಬಿಐ ಕೈಗೆ ಹೋಯಿತು.

ಸಾಕ್ಷ್ಯ ಕಡಿಮೆಯೇನಿರಲಿಲ್ಲ. ಹಗಲು ಕಾಲೇಜಿನಲ್ಲಿ ನೋಡಿದವರ ಪ್ರಕಾರ ಅವನ ಹೆಲ್ಮೆಟ್ಟಿನ ಮುಂಗಾಜು ಸರಿಯಾಗಿಯೇ ಇತ್ತು, ಆಮೇಲೆ ಒಡೆದಿತ್ತು. ಅವನ ಕೈಯ ಮೂಳೆ ಮುರಿದಿತ್ತು, ಅದು ಹಳೆಯ ಪೆಟ್ಟು ಅಂದ. ಹೈದರಾಬಾದಿನ ಸಿಸಿಎಂಬಿಯಲ್ಲಿ ಡಾ. ಲಾಲ್‌ಜಿ ಸಿಂಗ್ ಅವರು ನಡೆಸಿದ ಡಿಎನ್ಎ ಪರೀಕ್ಷೆಯೂ ಅವನತ್ತಲೇ ಬೊಟ್ಟು ಮಾಡಿತು. ಆ ಕಾಲಕ್ಕೆ ನಮ್ಮ ಕೋರ್ಟುಗಳಿಗೆ ಡಿಎನ್ಎ ಹೊಸದು.

1999ರ ಡಿಸೆಂಬರ್ 3ರಂದು ಅಡಿಷನಲ್ ಸೆಷನ್ಸ್ ಜಡ್ಜ್ ಜಿ.ಪಿ. ಥರೇಜಾ ತೀರ್ಪು ಕೊಟ್ಟರು. ಕೊಂದವನು ಇವನೇ ಅಂತ ತನಗೆ ಗೊತ್ತಿದ್ದರೂ ಸಂಶಯದ ಲಾಭ ಕೊಟ್ಟು ಬಿಡುಗಡೆ ಮಾಡುತ್ತಿದ್ದೇನೆ ಅನ್ನುವ ಅರ್ಥದ ಮಾತು ಅದರಲ್ಲಿತ್ತು. ಡಿಎನ್ಎ ವರದಿಯನ್ನು ಅವರು ನಂಬಲಿಲ್ಲ, ಮಾದರಿಗಳ ಮೇಲೇ ಅನುಮಾನ ಪಟ್ಟರು. ಮನೆಯ ಕೆಲಸದವನನ್ನು ಸಾಕ್ಷಿಯಾಗಿ ಕರೆತರದ ಸಿಬಿಐಯನ್ನೂ, ಆರೋಪಿಯ ಅಪ್ಪನ ಇಲಾಖೆಯಾದ ದೆಹಲಿ ಪೊಲೀಸರನ್ನೂ ತರಾಟೆಗೆ ತೆಗೆದುಕೊಂಡರು. ಬೈದದ್ದೆಲ್ಲ ಸರಿ, ಆದರೆ ಆರೋಪಿ ಮನೆಗೆ ಹೋದ. ಮದುವೆಯಾದ, ದೆಹಲಿಯಲ್ಲೇ ವಕೀಲಿಕೆ ಶುರುಮಾಡಿದ. ಅವಳು ತೊಡಬೇಕಾಗಿದ್ದ ಕರಿ ಕೋಟನ್ನು ಅವನು ತೊಟ್ಟ.

2000ದಲ್ಲಿ ಸಿಬಿಐ ಹಾಕಿದ ಮೇಲ್ಮನವಿ ಆರು ವರ್ಷ ಹಾಗೇ ಬಿದ್ದಿತ್ತು. ಅಪ್ಪ ಚಮನ್ ಲಾಲ್ ಮಟ್ಟೂ ಮಾತ್ರ ಬಿಡಲಿಲ್ಲ. 2006ರ ಫೆಬ್ರವರಿಯಲ್ಲಿ ಜೆಸಿಕಾ ಲಾಲ್ ಪ್ರಕರಣದ ಆರೋಪಿಗಳೆಲ್ಲ ಖುಲಾಸೆಯಾದಾಗ ಊರಿಗೆ ಊರೇ ಮೇಣದ ಬತ್ತಿ ಹಿಡಿದು ಬೀದಿಗೆ ಬಂತಲ್ಲ, ಆ ಬಿಸಿಯಲ್ಲಿ ಈ ಹಳೆಯ ಕಡತವೂ ಮೇಲೆ ಬಂತು. ದೆಹಲಿ ಹೈಕೋರ್ಟು ಆಗಸ್ಟ್ ಕೊನೆಯಲ್ಲಿ ದಿನವೂ ವಿಚಾರಣೆ ಶುರುಮಾಡಿ ಅಕ್ಟೋಬರ್ 17ಕ್ಕೆ ಅವನನ್ನು ಅಪರಾಧಿ ಅಂದಿತು. ಹೊಸ ಸಾಕ್ಷಿಯೇನೂ ಬೇಕಾಗಲಿಲ್ಲ. ಮುಂಗಾಜು, ಮುರಿದ ಕೈ, ಡಿಎನ್ಎ ಮತ್ತು ಆ ಹಳೆಯ ದೂರುಗಳು ಸಾಕಾದವು. ಅವಳು ಬದುಕಿದ್ದಾಗ ಕೆಲಸಕ್ಕೆ ಬಾರದ ದೂರುಗಳು ಸತ್ತ ಮೇಲೆ ಸಾಕ್ಷ್ಯವಾದವು. ಅಕ್ಟೋಬರ್ 30ರಂದು ಗಲ್ಲು ಶಿಕ್ಷೆ ಆಯಿತು. 2010ರ ಅಕ್ಟೋಬರ್ 6ರಂದು ಸುಪ್ರೀಂ ಕೋರ್ಟು ಅಪರಾಧವನ್ನು ಎತ್ತಿಹಿಡಿದು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಬಿಡುಗಡೆಯಾದ ಮೇಲೆ ಮದುವೆಯಾಗಿ ಹೆಣ್ಣುಮಗು ಹುಟ್ಟಿದೆ ಅನ್ನುವುದೂ ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಇದರ ಬಗ್ಗೆ ನಾನೇನೂ ಹೇಳುವುದಿಲ್ಲ, ನೀವೇ ಯೋಚಿಸಿ.

ಬೆನ್ನು ಬೀಳುವುದಕ್ಕೆ ಕಾನೂನಿನಲ್ಲಿ ಹೆಸರು ಸಿಕ್ಕಿದ್ದು 2013ರಲ್ಲಿ, ಡಿಸೆಂಬರ್ 2012ರ ಬಸ್ಸಿನ ಘಟನೆ ಮತ್ತು ವರ್ಮಾ ಸಮಿತಿಯ ವರದಿ ಆದ ಮೇಲೆ. ಐಪಿಸಿ 354ಡಿ ಅಂತ ಹೊಸ ಕಲಮು ಬಂತು. ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಜೈಲು. 2024ರ ಜುಲೈಯಿಂದ ಅದೇ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು. ಫೋನು, ಇಂಟರ್ನೆಟ್ಟಿನಲ್ಲಿ ಬೆನ್ನು ಬೀಳುವುದೂ ಅದರಲ್ಲಿ ಸೇರಿದೆ. ಆದರೆ ಮೊದಲ ಸಲದ ಅಪರಾಧ ಜಾಮೀನು ಸಿಗುವಂಥದ್ದಾಗಿಯೇ ಉಳಿದಿದೆ. ಹಾಗಾಗಿ ಈಗಲೂ ದೂರು ಕೊಟ್ಟ ದಿನವೇ ಅವನು ಠಾಣೆಯಿಂದ ಸಿಟ್ಟು ಹೊತ್ತುಕೊಂಡು ಹೊರಗೆ ಬರಬಹುದು. ನಿಮ್ಮ ಮನೆಯ ಹುಡುಗಿ ಇಂಥದ್ದೇನಾದರೂ ಹೇಳಿದರೆ ಮುಚ್ಚಳಿಕೆ ಸಿಕ್ಕಿತು ಅಂತ ನಿರಾಳವಾಗಿ ಕೂರಬೇಡಿ. ತಾರೀಖು, ಜಾಗ, ಕಂಡವರ ಹೆಸರು ಎಲ್ಲ ಒಂದು ಕಡೆ ಬರೆದಿಡಿ.

ಸಂತೋಷ್ ಸಿಂಗ್ ಅವಧಿಗೆ ಮುನ್ನ ಬಿಡುಗಡೆ ಕೇಳುತ್ತಾ ಬಂದಿದ್ದಾನೆ. ಶಿಕ್ಷೆ ಪರಿಶೀಲನಾ ಮಂಡಳಿ ಒಪ್ಪಿರಲಿಲ್ಲ. 2025ರ ಜುಲೈನಲ್ಲಿ ದೆಹಲಿ ಹೈಕೋರ್ಟು ಆ ನಿರಾಕರಣೆಯನ್ನು ತಳ್ಳಿಹಾಕಿ, ಅವನ ಅರ್ಜಿಯನ್ನು ಮತ್ತೆ ಹೊಸದಾಗಿ ನೋಡಿ ಅಂತ ಮಂಡಳಿಗೆ ಹೇಳಿತು.