ಹೆದ್ದಾರಿಯ ಅಪಘಾತ: ಯಂತ್ರ ಗುರುತಿಸಲು ಕಲಿತ ಬಗೆ

ಹೊಲದ ಕಾಲುವೆಗೆ ದೊಡ್ಡ ಕಲ್ಲೊಂದು ಬಿದ್ದರೆ ಏನಾಗುತ್ತದೆ? ಕಲ್ಲಿನ ಹಿಂದೆ ನೀರು ಕಟ್ಟಿಕೊಳ್ಳುತ್ತದೆ, ಮುಂದೆ ಹರಿವು ಬತ್ತುತ್ತದೆ. ಕಲ್ಲು ಕಣ್ಣಿಗೆ ಬೀಳದಿದ್ದರೂ ನೀರಿನ ಮಟ್ಟ ನೋಡಿಯೇ ರೈತ ತಡೆ ಎಲ್ಲಿದೆಯೆಂದು ಊಹಿಸಬಲ್ಲ. ಹೆದ್ದಾರಿಯ ಅಪಘಾತಗಳನ್ನು ಯಂತ್ರದಿಂದ ಪತ್ತೆ ಮಾಡುವ ವಿದ್ಯೆ ಬೆಳೆದದ್ದು ಇದೇ ತತ್ತ್ವದ ಮೇಲೆ.

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1971ರಲ್ಲಿ 42 ಮೈಲಿ ಹೆದ್ದಾರಿಯ ಮೇಲೆ ನಿಗಾ ಇಡುವ ವ್ಯವಸ್ಥೆ ಆರಂಭವಾಯಿತು. ರಸ್ತೆಯೊಳಗೆ ಅಲ್ಲಲ್ಲಿ ತಂತಿಯ ಸುರುಳಿಗಳನ್ನು ಹುದುಗಿಸಿದ್ದರು. ಎಷ್ಟು ವಾಹನಗಳು ಹಾದವು, ಸುರುಳಿಯ ಮೇಲೆ ಎಷ್ಟು ಹೊತ್ತು ವಾಹನವಿತ್ತು ಎಂಬ ಲೆಕ್ಕ ಅವುಗಳಿಂದ ಗಣಕಯಂತ್ರಕ್ಕೆ ಸೇರುತ್ತಿತ್ತು. ಒಂದು ಸುರುಳಿಯ ಬಳಿ ವಾಹನಗಳು ಒತ್ತೊತ್ತಾಗಿ, ಮುಂದಿನ ಸುರುಳಿಯ ಬಳಿ ವಿರಳವಾಗಿದ್ದರೆ ನಡುವೆ ಏನೋ ನಡೆದಿದೆ ಎಂದರ್ಥ. 1970ರ ದಶಕದಲ್ಲಿ ರೂಪುಗೊಂಡ ‘ಕ್ಯಾಲಿಫೋರ್ನಿಯಾ’ ವಿಧಾನದ ತಿರುಳು ಇದೇ. ವ್ಯತ್ಯಾಸವು ಗೊತ್ತುಪಡಿಸಿದ ಮಿತಿಯನ್ನು ದಾಟಿದರೆ ಯಂತ್ರ ಎಚ್ಚರಿಸುತ್ತದೆ.

ಆದರೆ ಆ ಮಿತಿ ಎಷ್ಟಿರಬೇಕು? ಹೆಚ್ಚಿಸಿದರೆ ನಿಜವಾದ ಅಪಘಾತ ತಪ್ಪಿಹೋಗುತ್ತದೆ. ತಗ್ಗಿಸಿದರೆ ಬೆಳಗಿನ ಮಾಮೂಲಿ ದಟ್ಟಣೆಯೂ ಅಪಘಾತವೆನಿಸುತ್ತದೆ. ಒಂದು ಲೆಕ್ಕ ಮಾಡೋಣ. ಅರ್ಧ ನಿಮಿಷಕ್ಕೊಮ್ಮೆ ಪರೀಕ್ಷಿಸಿದರೆ ದಿನಕ್ಕೆ 2,880 ತೀರ್ಮಾನಗಳು. ನೂರಕ್ಕೆ ಒಂದು ತಪ್ಪಾದರೂ ಒಂದೇ ಸ್ಥಳದಿಂದ ದಿನಕ್ಕೆ ಸುಮಾರು 29 ಸುಳ್ಳು ಎಚ್ಚರಿಕೆಗಳು. ಅಂಥ 50 ಸ್ಥಳಗಳಿದ್ದರೆ 1,440! ‘ಹುಲಿ ಬಂತು ಹುಲಿ’ ಎಂದು ಕೂಗಿದ ಹುಡುಗನನ್ನು ಊರವರು ನಂಬುವುದನ್ನು ಬಿಟ್ಟಂತೆ, ಕೇಂದ್ರದ ಸಿಬ್ಬಂದಿಯೂ ಯಂತ್ರವನ್ನು ನಂಬುವುದನ್ನು ಬಿಡುತ್ತಾರೆ. ಆಗ ನಿಜವಾದ ಗಾಯಾಳು ರಸ್ತೆಯಲ್ಲೇ ಕಾಯಬೇಕಾಗುತ್ತದೆ.

ಈ ತೊಡಕಿಗೆ ವಿಜ್ಞಾನಿಗಳು ಕಂಡುಕೊಂಡ ಒಂದು ದಾರಿ ಕೃತಕ ನರಜಾಲ. ಮಿದುಳಿನ ನರಕೋಶಗಳ ಗಣಿತ ಮಾದರಿಯನ್ನು ಮೆಕ್‌ಕಲಕ್ ಮತ್ತು ಪಿಟ್ಸ್ 1943ರಲ್ಲೇ ರಚಿಸಿದ್ದರು. ತಪ್ಪನ್ನು ಹಿಮ್ಮುಖವಾಗಿ ಹರಿಸಿ ಜಾಲವನ್ನು ತಿದ್ದುವ ಕ್ರಮ 1986ರ ನಂತರ ಹೆಸರಾಯಿತು. ಇಲ್ಲಿ ಯಾರೂ ಮಿತಿಯನ್ನು ಮೊದಲೇ ಬರೆದಿಡುವುದಿಲ್ಲ. ಉದಾಹರಣೆಗಳನ್ನು ತೋರಿಸಿದಂತೆ ಜಾಲವು ತನ್ನ ಕೊಂಡಿಗಳ ತೂಕವನ್ನು ತಾನೇ ಹೊಂದಿಸಿಕೊಳ್ಳುತ್ತದೆ. 1993ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯ ರಿಚಿ ಮತ್ತು ಚ್ಯೂ ಇದನ್ನು ಹೆದ್ದಾರಿಗೆ ಅನ್ವಯಿಸಿದ ಅಧ್ಯಯನ ಪ್ರಕಟವಾಯಿತು.

ಆದರೆ ಪಾಠಕ್ಕೆ ಬೇಕಾದಷ್ಟು ಅಪಘಾತಗಳನ್ನು ಎಲ್ಲಿಂದ ತರುವುದು? ಕಲಿಸುವ ಸಲುವಾಗಿ ಯಾರೂ ವಾಹನಗಳನ್ನು ಡಿಕ್ಕಿ ಹೊಡೆಸಲಾರರಷ್ಟೆ! ಆದ್ದರಿಂದ ಗಣಕಯಂತ್ರದೊಳಗೇ ಹೆದ್ದಾರಿಯನ್ನು ನಿರ್ಮಿಸಿ, ಅದರಲ್ಲಿ ಕಲ್ಪಿತ ಅಡಚಣೆಗಳನ್ನು ಉಂಟುಮಾಡಿ ಜಾಲಕ್ಕೆ ಕಲಿಸಿದರು. ಆಸ್ಟ್ರೇಲಿಯದ ಮೆಲ್ಬೋರ್ನ್‌ನಲ್ಲಿ ದಿಯಾ ಮತ್ತು ರೋಸ್ 1997ರಲ್ಲಿ ಪ್ರಕಟಿಸಿದ ಅಧ್ಯಯನವಾದರೋ ಹೆದ್ದಾರಿಯಲ್ಲಿ ನಿಜವಾಗಿ ನಡೆದ 100 ಘಟನೆಗಳನ್ನು ಆಧರಿಸಿತ್ತು.

ಇಂದು ಕ್ಯಾಮೆರಾಗಳೂ ಮೊಬೈಲ್ ಫೋನ್‌ಗಳೂ ರಸ್ತೆಯ ಸುದ್ದಿ ಹೇಳುತ್ತವೆ. ಮಾಹಿತಿ ಹೇರಳವಾಗಿದೆ, ಅಪಘಾತ ಮಾತ್ರ ಅಂದಿನಂತೆ ಅಪರೂಪದ ಘಟನೆಯೇ. ಅಪರೂಪವಾದುದನ್ನು ತಪ್ಪದೆ ಕಾಣಬೇಕು, ಇಲ್ಲದ್ದನ್ನು ಕಂಡೆನೆನ್ನಬಾರದು. ಯಂತ್ರಕ್ಕೆ ಕಲಿಸಬೇಕಾದ ಕಠಿಣ ಪಾಠ ಇಂದಿಗೂ ಇದೇ.