ಹಳದಿ ಎಲೆ ರೋಗ ಮತ್ತು ಬದಲಿ ಬೆಳೆಗಳು: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ

ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮ ಅಂಚಿನ ಈ ಮೂರು ತಾಲ್ಲೂಕುಗಳಲ್ಲಿ ಅಡಿಕೆ ಸೊರಗುತ್ತ ಬಂದಂತೆ ಕಾಫಿ, ಕಾಳುಮೆಣಸು, ರಬ್ಬರ್ ಬೆಳೆಗಳನ್ನು ನೆಚ್ಚಿಕೊಂಡು ನಡೆದಿರುವ ಕೃಷಿಯ ಮರುಹೊಂದಾಣಿಕೆಯನ್ನು ಈ ಲೇಖನ ದಾಖಲಿಸುತ್ತದೆ. ಕೊಳೆರೋಗ, ಹಳದಿ ಎಲೆ ರೋಗ, ಎಲೆಚುಕ್ಕಿ ರೋಗಗಳನ್ನು ಸುದ್ದಿಗಳಲ್ಲಿ ಒಟ್ಟಾಗಿ 'ಅಡಿಕೆ ರೋಗ' ಎಂದು ಬರೆಯುವುದು ರೂಢಿಯಾಗಿರುವುದರಿಂದ ಕುಸಿತದ ಕಾಲಗಣನೆಯೇ ಕಲಸಿಹೋಗಿದೆ.

ಕಣಿವೆಯಲ್ಲಿ ತೋಟ, ಅದರ ಮೇಲೆ ಸೊಪ್ಪಿನಬೆಟ್ಟ ಇರುವ ಹಳೆಯ ಕ್ರಮ ಮಲೆನಾಡಿನಲ್ಲಿ ಸುಪರಿಚಿತ. ಈ ತೋಟಗಳ ಹಳೆಯ ಶತ್ರು ಕೊಳೆರೋಗ. ಮೈಸೂರು ಸರ್ಕಾರದ ತಜ್ಞ ಲೆಸ್ಲಿ ಕೋಲ್ಮನ್ 1910ರಲ್ಲಿ ಅದರ ಅಧ್ಯಯನ ಪ್ರಕಟಿಸಿದರು. ಅದನ್ನು ತಡೆಯುವ ಬೋರ್ಡೋ ದ್ರಾವಣದ ಸಿಂಪರಣೆ ಮುಂದೆ ಮಳೆಗಾಲದ ವಾಡಿಕೆಯ ಕೆಲಸವಾಯಿತು. 1939ರಲ್ಲಿ ಶಿವಮೊಗ್ಗದಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರ ಸಂಘ ಮ್ಯಾಮ್‌ಕೋಸ್ ಮಾರಾಟದ ದಾರಿಯನ್ನು ಗಟ್ಟಿಮಾಡಿತು.

ಹಳದಿ ಎಲೆ ರೋಗದ ನಡೆಯೇ ಬೇರೆ. ಕೊಳೆಯಿಂದ ಆ ವರ್ಷದ ಫಸಲು ಉದುರಿದರೂ ಮರ ಸಾಮಾನ್ಯವಾಗಿ ಉಳಿಯುತ್ತದೆ. ಹಳದಿ ಎಲೆ ರೋಗದಲ್ಲಾದರೋ ಗರಿಯ ತುದಿಯಿಂದ ಹಳದಿ ಇಳಿಯುತ್ತದೆ, ಕಾಯಿಯ ತಿರುಳು ಮೆತ್ತಗಾಗಿ ಕಪ್ಪಾಗುತ್ತದೆ, ಮಂಡೆ ಕಿರಿದಾಗುತ್ತದೆ. ಮರ ವರ್ಷಗಟ್ಟಲೆ ನಿಂತೇ ಇರುತ್ತದೆ, ಆದಾಯ ಮಾತ್ರ ಕರಗುತ್ತ ಹೋಗುತ್ತದೆ. ಹಾಗಾಗಿ ಕುಸಿತಕ್ಕೆ ಇಂಥದ್ದೇ ಇಸವಿ ಎಂದು ಗುರುತು ಹಾಕುವ ಪ್ರಯತ್ನಗಳು ನಿಲ್ಲುವುದಿಲ್ಲ. ಒಂದು ಹಂಗಾಮಿನ ನಷ್ಟವನ್ನು ಅಳೆಯುವ ಪರಿಹಾರ ಪದ್ಧತಿಯೂ ಇಂಥ ರೋಗಕ್ಕೆ ಹೊಂದುವುದಿಲ್ಲ.

ರೋಗದ ಮೊದಲ ದಾಖಲೆ ಮಧ್ಯ ಕೇರಳದ್ದು, 1914ರ ಸುಮಾರಿನದು. ಕಾರಣದ ಬಗ್ಗೆ ಮಾತ್ರ ದಶಕಗಳ ಕಾಲ ಒಮ್ಮತವಿರಲಿಲ್ಲ. ಪೋಷಕಾಂಶದ ಕೊರತೆ, ಬಸಿಯದ ನೀರು, ಬೇರಿನ ಶಿಲೀಂಧ್ರ, ಜಂತುಹುಳು ಎಲ್ಲವೂ ಸರದಿಯಂತೆ ಆರೋಪಿಗಳಾದವು. 1978ರಲ್ಲಿ ನಾಯರ್ ಮತ್ತು ಸೆಲಿಸ್ಕರ್ ರೋಗಪೀಡಿತ ಮರಗಳಲ್ಲಿ ಇಂದು ಫೈಟೋಪ್ಲಾಸ್ಮಾ ಎನ್ನಲಾಗುವ ಸೂಕ್ಷ್ಮಜೀವಿಯನ್ನು ವರದಿ ಮಾಡಿದರು. ಅದನ್ನು ಹರಡುವ ಜಿಗಿಹುಳು ಪ್ರೌಟಿಸ್ಟಾ ಮೊಯೆಸ್ಟಾ ಎಂಬುದು ಆಮೇಲೆ ತಿಳಿಯಿತು. ಆದರೂ ಸುಣ್ಣ, ಗೊಬ್ಬರ, ಬಸಿಗಾಲುವೆಯ ಸಲಹೆ ಕೈಬಿಟ್ಟಿಲ್ಲ. ಅವು ರೋಗವನ್ನು ವಾಸಿಮಾಡುವುದಿಲ್ಲ, ಮರವನ್ನು ಒಂದಿಷ್ಟು ಕಾಲ ತಾಳುವಂತೆ ಮಾಡುತ್ತವೆ. ಈ ವ್ಯತ್ಯಾಸವನ್ನು ಹಲವು ಕೈಪಿಡಿಗಳು ಮಸುಕಾಗಿಸಿವೆ.

ಬದಲಿ ಬೆಳೆಗಳು ಬಂದದ್ದು ಮುಖ್ಯವಾಗಿ ಬೆಳೆಗಾರರ ಕೈಯಿಂದಲೇ, ಸಾಯುತ್ತಿರುವ ಮರಗಳ ಸಾಲಿನ ನಡುವೆ. ಕಾಫಿ ಈ ಸೀಮೆಗೆ ಹೊಸದಲ್ಲ. ಬಾಳೆಹೊನ್ನೂರಿನ ಬಳಿಯ ಕಾಫಿ ಪ್ರಯೋಗ ಕೇಂದ್ರ 1925ರದ್ದು, ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಆದರೆ ಗುಡ್ಡದ ಬೆಳೆಯನ್ನು ಕಣಿವೆಯ ತೋಟಕ್ಕೆ ಇಳಿಸಿದಾಗ ಬಸಿಗಾಲುವೆ ಆಳವಾಗಬೇಕಾಯಿತು. ಮೆಣಸಿನ ಲೆಕ್ಕ ಇನ್ನೂ ತೊಡಕಿನದು: ಬಳ್ಳಿ ಹಬ್ಬಿದ ಅಡಿಕೆ ಮರವೇ ಬಿದ್ದರೆ ಬಳ್ಳಿಯೂ ನೆಲಕ್ಕೆ. ನರಸಿಂಹರಾಜಪುರದ ಕಥೆಯೇ ಬೇರೆ. ಅಲ್ಲಿ ಭದ್ರಾ ಜಲಾಶಯ ತಗ್ಗಿನ ಭೂಮಿಯನ್ನು ನುಂಗಿತ್ತು, ಕೇರಳದಿಂದ ಬಂದು ನೆಲೆಸಿದವರು ರಬ್ಬರ್ ಬೆಳೆಸಿದರು. ಅದನ್ನು ರೋಗದ ಫಲವೆಂದು ಬರೆಯುವುದು ಸರಿಯಲ್ಲ.

ಸರ್ಕಾರದ ಕಡತಗಳಲ್ಲಿ ಬೆಳೆಗಾರರ ಸಂಕಷ್ಟ ಕುರಿತ ಗೋರಖ್ ಸಿಂಗ್ ವರದಿಯ ಹೆಸರು ಪದೇಪದೇ ಬರುತ್ತದೆ. ಅದರ ಜಾರಿಗಾಗಿ ಒತ್ತಾಯ ಬಹುಕಾಲ ನಡೆಯಿತು. 2021–22ರ ರಾಜ್ಯ ಬಜೆಟ್ ಹಳದಿ ಎಲೆ ರೋಗದ ಸಂಶೋಧನೆ ಮತ್ತು ಪರ್ಯಾಯ ಬೆಳೆಗೆ 25 ಕೋಟಿ ರೂಪಾಯಿ ಘೋಷಿಸಿತು. ಮರುವರ್ಷವೇ ಎಲೆಚುಕ್ಕಿ ವ್ಯಾಪಕವಾಗಿ ಹಬ್ಬಿ ಎಲ್ಲರ ಗಮನ ಅತ್ತ ತಿರುಗಿತು. ಎಲೆಚುಕ್ಕಿ ಶಿಲೀಂಧ್ರದ ರೋಗ, ಸಿಂಪರಣೆಗೆ ಬಗ್ಗುತ್ತದೆ. ಹಳದಿ ಎಲೆಗೆ ಔಷಧವಿಲ್ಲ. ಇದೇ ಅವಧಿಯಲ್ಲಿ ಚನ್ನಗಿರಿ ಮೊದಲಾದ ಬಯಲುಸೀಮೆಯಲ್ಲಿ ಅಡಿಕೆ ವಿಸ್ತರಿಸಿ ಹಳೆಯ ಮಲೆನಾಡಿನ ಪಾಲನ್ನು ಕುಗ್ಗಿಸಿತು.

ರೋಗದ ತೋಟಗಳ ನಡುವೆಯೂ ಹಸಿರಾಗಿ ಉಳಿದ ಮರಗಳನ್ನು ಗುರುತಿಸಿ, ಅವುಗಳ ಹೊಂಬಾಳೆಯಿಂದ ಅಂಗಾಂಶ ಕೃಷಿಯ ಮೂಲಕ ಸಸಿ ಎಬ್ಬಿಸುವ ಕೆಲಸವನ್ನು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಕೈಗೊಂಡಿದೆ. ನೆಟ್ಟ ಅಡಿಕೆ ಫಸಲಿಗೆ ಬರಲು ಐದಾರು ವರ್ಷ ಬೇಕು. ಅಲ್ಲಿಯವರೆಗೆ ತೋಟಕ್ಕೆ ಖರ್ಚಿನ ಹಣ ಹೊಂದಿಸುವುದು ಕಾಫಿ ಮತ್ತು ಮೆಣಸು.